ಗಡಸು ನೀರಿನ ಊರಲ್ಲಿ ಪರ್ಕೇಲ್ ಬೆಡ್‌ಶೀಟ್: ಕೊಳ್ಳುವುದರಿಂದ ಕೌದಿಯವರೆಗೆ

ಬಿಳಿ ಪರ್ಕೇಲ್ ಬೆಡ್‌ಶೀಟ್ ಒಂದನ್ನು ಆಸೆಪಟ್ಟು ತಂದಿದ್ದೆ. ಮೊದಲ ವಾರ ಅದರ ಮೇಲೆ ಮಲಗಿದ್ದು ಇನ್ನೂ ನೆನಪಿದೆ. ಏಪ್ರಿಲ್ ತಿಂಗಳು, ದಾವಣಗೆರೆಯ ಸೆಕೆ. ತಾರಸಿ ಕಾದು ರಾತ್ರಿ ಹನ್ನೊಂದಾದರೂ ಕೋಣೆ ತಣ್ಣಗಾಗಿರಲಿಲ್ಲ. ಆದರೂ ಮಗ್ಗುಲು ಬದಲಿಸಿದಾಗಲೆಲ್ಲ ಬಟ್ಟೆ ತಣ್ಣಗೆ ತಾಗುತ್ತಿತ್ತು, ಬೆನ್ನಿಗೆ ಅಂಟುತ್ತಿರಲಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಶೀಟು ಬೂದು ಬಣ್ಣಕ್ಕೆ ತಿರುಗಿತು. ಒಣಗಿದ ಮೇಲೆ ತಗಡಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ಬೆವರು ಹೀರುವುದನ್ನೇ ಬಿಟ್ಟಿತು. ಬಟ್ಟೆಯೇ ಕಳಪೆ ಅಂದುಕೊಂಡು ಇನ್ನೊಂದು ತಂದೆ. ಅದಕ್ಕೂ ಅದೇ ಗತಿ ಆಯಿತು.

ಬಟ್ಟೆ ಚೆನ್ನಾಗಿಯೇ ಇತ್ತು. ನಮ್ಮ ಬೋರಿನ ನೀರು, ನಾನು ಸುರಿಯುತ್ತಿದ್ದ ಪೌಡರು, ಒಗೆಯುವ ಕಲ್ಲು, ಮೂರೂ ಸೇರಿ ಅದನ್ನು ಕೆಡಿಸಿದ್ದವು. ಒಗೆಯುವ ರೀತಿ ಸರಿಮಾಡಿಕೊಂಡ ಮೇಲೆ ತಂದ ಜೋಡಿಗೆ ಈಗ ಏಳನೇ ವರ್ಷ. ಇನ್ನೂ ಬೆಳ್ಳಗಿದೆ, ಮೊದಲಿಗಿಂತ ಮೆತ್ತಗಾಗಿದೆ. ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳಿಗೆ ಉಪಯೋಗ ಆಗಲಿ ಅಂತ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಪರ್ಕೇಲ್ ಅಂದರೆ ಯಾವ ಬಟ್ಟೆ

ಪರ್ಕೇಲ್ ಅನ್ನುವುದು ಹತ್ತಿಯ ಜಾತಿಯ ಹೆಸರಲ್ಲ, ಕಂಪನಿಯ ಹೆಸರೂ ಅಲ್ಲ. ಅದೊಂದು ನೇಯ್ಗೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯ ಜೊತೆ ಅಡ್ಡಕ್ಕೆ ಓಡುವ ನೂಲು ಹೊಕ್ಕು. ನಾವು ದಿನಾ ಮಾತಲ್ಲಿ ಬಳಸುವ ಹಾಸುಹೊಕ್ಕು ಹುಟ್ಟಿದ್ದು ಇಲ್ಲೇ. ಪರ್ಕೇಲ್‌ನಲ್ಲಿ ಹೊಕ್ಕಿನ ಎಳೆ ಹಾಸಿನ ಒಂದು ಎಳೆಯ ಮೇಲೆ ಹೋಗುತ್ತದೆ, ಮುಂದಿನದರ ಕೆಳಗೆ ಇಳಿಯುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಅಷ್ಟೇ. ಇದು ಸಾದಾ ನೇಯ್ಗೆ, ಖಾದಿಯಲ್ಲೂ ಲುಂಗಿಯಲ್ಲೂ ಇರುವಂಥದ್ದೇ. ವ್ಯತ್ಯಾಸ ಇರುವುದು ನೂಲಿನಲ್ಲಿ ಮತ್ತು ಬಿಗಿಯಲ್ಲಿ. ನೂಲು ಸಣ್ಣದು, ಬಾಚಿ ಗಿಡ್ಡ ನಾರು ತೆಗೆದದ್ದು. ಒಂದು ಚದರ ಇಂಚಿನಲ್ಲಿ ಹಾಸು ಹೊಕ್ಕು ಸೇರಿ ಕಡಿಮೆ ಅಂದರೂ 180 ಎಳೆ ಇರಬೇಕು. ಒಳ್ಳೆಯ ಪರ್ಕೇಲ್ ಸಾಮಾನ್ಯವಾಗಿ 200ರಿಂದ 400ರೊಳಗೆ ಇರುತ್ತದೆ.

ನೂಲು ಎಷ್ಟು ಸಣ್ಣ ಅಂತ ಹೇಳಲು ಕೌಂಟ್ ಅನ್ನುವ ಲೆಕ್ಕ ಇದೆ. ಒಂದು ಪೌಂಡ್ ತೂಕದ ನೂಲಲ್ಲಿ 840 ಗಜದ ಲಡಿ, ಅಂದರೆ ನೂಲಿನ ಕಟ್ಟು, ಎಷ್ಟಿವೆ ಅನ್ನುವುದೇ ಕೌಂಟ್. 60 ಕೌಂಟಿನ ನೂಲು ಅಂದರೆ ಅರ್ಧ ಕಿಲೋಗೂ ಕಡಿಮೆ ಹತ್ತಿಯಿಂದ 50,400 ಗಜ, ಅಂದರೆ ಸುಮಾರು 46 ಕಿಲೋಮೀಟರ್ ನೂಲು. ಹತ್ತಿಯ ನಾರು ಉದ್ದ ಇದ್ದರೆ ಮಾತ್ರ ಇಷ್ಟು ಸಣ್ಣಗೆ, ಗಟ್ಟಿಯಾಗಿ ತೆಗೆಯಬಹುದು. ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ತಳಿ ಅಂಥ ಉದ್ದ ನಾರಿನದು.

17 ಮತ್ತು 18ನೇ ಶತಮಾನದಲ್ಲಿ ಈ ಬಟ್ಟೆ ಭಾರತದಿಂದಲೇ ಯುರೋಪಿಗೆ ಹೋಗುತ್ತಿತ್ತು. ಆಮೇಲೆ ಫ್ರಾನ್ಸಿನಲ್ಲೂ ನೇಯಲು ಶುರುಮಾಡಿದರು. ಹೆಸರಿನ ಬೇರು ಪರ್ಷಿಯನ್ ಭಾಷೆಯಲ್ಲಿದೆ. ಈಗ ನಾವು ವಿದೇಶದ ಬಟ್ಟೆ ಅನ್ನುವ ಹಾಗೆ ಬೆರಗಿನಿಂದ ನೋಡುತ್ತೇವೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು. ಮಿಲ್ಲುಗಳ ಸದ್ದು ನಿಂತು ಹೋಯಿತು, ಡಿಸಿಎಂ ಟೌನ್‌ಶಿಪ್ ಅನ್ನುವ ಹೆಸರಲ್ಲಿ ಮಾತ್ರ ದಾವಣಗೆರೆ ಕಾಟನ್ ಮಿಲ್ ಉಳಿದಿದೆ. ಸುತ್ತಲಿನ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂದಿದೆ. ಆದರೂ ನೂಲು, ಎಳೆ, ಲಡಿ ಅನ್ನುವ ಮಾತು ಇಲ್ಲಿನ ಹಿರಿಯರ ಬಾಯಲ್ಲಿ ಈಗಲೂ ಸಲೀಸು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡುವುದನ್ನು ನಾನು ಕಲಿತದ್ದು ಅಂಥ ಒಬ್ಬರಿಂದಲೇ.

ಅಂಗಡಿಯಲ್ಲಿ ಪರ್ಕೇಲ್ ಪಕ್ಕದಲ್ಲೇ ಕಾಟನ್ ಸ್ಯಾಟಿನ್ ಇಟ್ಟಿರುತ್ತಾರೆ. ಅದೂ ಹತ್ತಿಯೇ. ಆದರೆ ಅದರಲ್ಲಿ ಎಳೆ ನಾಲ್ಕರ ಮೇಲೆ ಹೋಗಿ ಒಂದರ ಕೆಳಗೆ ಇಳಿಯುತ್ತದೆ. ಮೇಲೆ ಎಳೆ ಉದ್ದಕ್ಕೆ ಮಲಗಿರುವುದರಿಂದ ಹೊಳಪು ಬರುತ್ತದೆ, ಜಾರುತ್ತದೆ, ಮೈಗೆ ಬೆಚ್ಚಗೆ ಹೊಂದುತ್ತದೆ. ಆದರೆ ಉಗುರು, ಬಳೆ, ಕಾಲುಂಗುರ ಸಿಕ್ಕಿಕೊಂಡರೆ ಎಳೆ ಎದ್ದು ಬರುತ್ತದೆ. ಪರ್ಕೇಲ್‌ಗೆ ಹೊಳಪಿಲ್ಲ. ಗರಿಗರಿ ಇರುತ್ತದೆ, ಗಾಳಿ ಆಡುತ್ತದೆ, ಸುಕ್ಕು ಜಾಸ್ತಿ. ನಮ್ಮ ಸೀಮೆಯ ಬಿಸಿಲಿಗೆ ನನ್ನ ಆಯ್ಕೆ ಪರ್ಕೇಲೇ. ಡಿಸೆಂಬರ್ ಚಳಿಗೆ ಒಂದು ಸ್ಯಾಟಿನ್ ಇದ್ದರೆ ಒಳ್ಳೆಯದು. ಚಳಿ ತಡೆಯದ ವಯಸ್ಸಾದವರಿಗೆ ವರ್ಷವಿಡೀ ಸ್ಯಾಟಿನ್ ಹಿಡಿಸಬಹುದು.

ಅಂಗಡಿಯಲ್ಲಿ ನೋಡಬೇಕಾದ್ದು

ಲೇಬಲ್ ಮೇಲೆ ಪರ್ಕೇಲ್ ಅಂತ ಬರೆದಿದ್ದ ಮಾತ್ರಕ್ಕೆ ಅದು ಪೂರ್ತಿ ಹತ್ತಿ ಅಲ್ಲ. ಪಾಲಿಯೆಸ್ಟರ್ ಬೆರೆಸಿದ ಪರ್ಕೇಲ್ ಕೂಡ ಇದೆ. ಅದು ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ. ಬೆವರು ಮಾತ್ರ ಹೀರುವುದಿಲ್ಲ. "100% ಕಾಟನ್" ಅನ್ನುವ ಮಾತನ್ನು ಪ್ಯಾಕೆಟ್ ಮೇಲೆ ಹುಡುಕಿ. ಗ್ಲೇಸ್ ಕಾಟನ್ ಅನ್ನುವ ಹೆಸರಿನಲ್ಲಿ ಬರುವುದು ಬಹಳಷ್ಟು ಸಲ ಪಾಲಿಯೆಸ್ಟರ್. ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ಹತ್ತಿ ಕಾಗದದ ಹಾಗೆ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಮುದುಡಿ ಗಟ್ಟಿ ಮಣಿ ಆಗುತ್ತದೆ.

ಎಳೆಗಳ ಸಂಖ್ಯೆಯ ವಿಚಾರದಲ್ಲಿ ನಾನು ಒಮ್ಮೆ ಮೋಸ ಹೋಗಿದ್ದೇನೆ. ಒಂದು ಅಂಗಡಿಯಲ್ಲಿ 1000 ಅಂತ ದಪ್ಪಕ್ಷರದಲ್ಲಿ ಬರೆದ ಪ್ಯಾಕೆಟ್ಟಿಗೆ ಜಾಸ್ತಿ ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಎಣಿಸಿದರೆ 260ರ ಆಸುಪಾಸು. ಮೂರು ನಾಲ್ಕು ಸಣ್ಣ ಎಳೆ ಹೊಸೆದು ಒಂದು ನೂಲು ಮಾಡಿ, ಪ್ರತಿ ಸಣ್ಣ ಎಳೆಯನ್ನೂ ಬೇರೆ ಬೇರೆ ಲೆಕ್ಕ ಹಿಡಿದರೆ ಹೀಗೆ ಸಂಖ್ಯೆ ಏರುತ್ತದೆ. ಆ ಶೀಟು ಕಂಬಳಿಯ ಹಾಗೆ ಭಾರ ಇತ್ತು. ಒಂದು ಇಂಚಿನಲ್ಲಿ ಸಾದಾ ನೇಯ್ಗೆಗೆ ಕೂರುವ ನೂಲಿಗೆ ಒಂದು ಮಿತಿ ಇದೆ. ಪರ್ಕೇಲ್ ಅಂತ ಹೇಳಿ 600, 800 ಅಂದರೆ ನಾನು ಅಲ್ಲೇ ಬಿಟ್ಟು ಬರುತ್ತೇನೆ.

ಎಣಿಸುವುದು ಕಷ್ಟ ಅಲ್ಲ. ಶೀಟಿನ ಮೇಲೆ ಇಂಚಿನ ಸ್ಕೇಲ್ ಇಡಿ. ಕಾಲು ಇಂಚು ಕಾಣುವ ಹಾಗೆ ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ. ಉದ್ದದ ಎಳೆ ಎಣಿಸಿ, ಅಡ್ಡದ ಎಳೆ ಎಣಿಸಿ, ಎರಡನ್ನೂ ನಾಲ್ಕರಿಂದ ಗುಣಿಸಿ ಕೂಡಿಸಿ. ಕಾಲಿಂಚಿಗೆ 28 ಹಾಸು, 24 ಹೊಕ್ಕು ಸಿಕ್ಕರೆ 112 ಮತ್ತು 96, ಒಟ್ಟು 208. ಫೋಟೋದಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ. ಎಳೆಗಳು ನುಣುಪಾಗಿ, ಒಂದೇ ದಪ್ಪಕ್ಕೆ ಇದ್ದರೆ ಬಾಚಿದ ನೂಲು. ಮೇಲೆಲ್ಲ ಕೂದಲಿನಂಥ ನಾರು ಎದ್ದಿದ್ದರೆ, ಅಲ್ಲಲ್ಲಿ ಗಂಟು ಇದ್ದರೆ, ಕೆಲವು ತಿಂಗಳಲ್ಲಿ ಅವೇ ಉಂಡೆಯಾಗಿ ಮೈಗೆ ಚುಚ್ಚುತ್ತವೆ.

ತೂಕವೂ ಒಂದು ಒಳ್ಳೆಯ ಸುಳಿವು. 90×108 ಇಂಚಿನ ಶೀಟು ಸುಮಾರು 6.27 ಚದರ ಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ 720 ಗ್ರಾಂ ತೂಗಿದರೆ ಚದರ ಮೀಟರಿಗೆ 115 ಗ್ರಾಂ ಆಯಿತು. ಪರ್ಕೇಲ್ ಸಾಮಾನ್ಯವಾಗಿ 100ರಿಂದ 130 ಗ್ರಾಂ ಒಳಗೆ ಬರುತ್ತದೆ. 160, 170 ಬಂದರೆ ನೂಲು ದಪ್ಪ ಇದೆ.

ಅಂಗಡಿಯಲ್ಲಿ ಗರಿಗರಿ ಕಂಡರೆ ಮರುಳಾಗಬೇಡಿ. ಹೊಸ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಕಳಪೆ ಬಟ್ಟೆಗೆ ಜಾಸ್ತಿ ಹಾಕಿರುತ್ತಾರೆ. ಒಂದು ಮೂಲೆಯನ್ನು ಎರಡು ಬೆರಳಿನ ನಡುವೆ ಜೋರಾಗಿ ಉಜ್ಜಿ. ಬೆರಳಿಗೆ ಬಿಳಿ ಪುಡಿ ಅಂಟಿದರೆ ಗಂಜಿ ಭರ್ಜರಿ ಇದೆ ಅಂತ ಅರ್ಥ. ಬೆಳಕಿಗೆ ಹಿಡಿದು ನೋಡಿ. ಬೆಳಕು ಎಲ್ಲ ಕಡೆ ಒಂದೇ ಸಮ ಬಂದರೆ ನೇಯ್ಗೆ ಸರಿ ಇದೆ. ಸೂಜಿ ತೂತಿನ ಹಾಗೆ ಅಲ್ಲಲ್ಲಿ ಚುಕ್ಕಿ ಕಂಡರೆ ಬೇಡ.

ಅಳತೆ

ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಹತ್ತಿ ಮೊದಲೆರಡು ಒಗೆತದಲ್ಲಿ ಕುಗ್ಗುತ್ತದೆ. ಸ್ಯಾನ್‌ಫೊರೈಸ್ಡ್ ಅಂತ ಇದ್ದರೆ ಮೊದಲೇ ಕುಗ್ಗಿಸಿದ್ದಾರೆ ಅಂತ ಅರ್ಥ. ಇಲ್ಲದಿದ್ದರೆ ನೂರಕ್ಕೆ ನಾಲ್ಕರಷ್ಟು ಕುಗ್ಗುತ್ತದೆ ಅಂತ ಹಿಡಿಯಿರಿ. 90×108 ಶೀಟು ಒಗೆದ ಮೇಲೆ ಸುಮಾರು 86×104 ಆಗುತ್ತದೆ. ನಿಮ್ಮ ಹಾಸಿಗೆ 60×78, ದಪ್ಪ 6 ಇಂಚು ಅಂತಿಟ್ಟುಕೊಳ್ಳಿ. ಪ್ರತಿ ಬದಿಗೆ 13 ಇಂಚು ಇಳಿಯುತ್ತದೆ. ದಪ್ಪಕ್ಕೆ 6 ಹೋದರೆ ಅಡಿಗೆ ಸೇರಿಸಲು 7 ಇಂಚು ಉಳಿಯಿತು. ಸಾಕು. ಹಾಸಿಗೆ 8 ಇಂಚು ದಪ್ಪ ಇದ್ದರೆ 5 ಇಂಚು ಮಾತ್ರ ಉಳಿಯುತ್ತದೆ. ಮಕ್ಕಳು ಎರಡು ಸಲ ಹೊರಳಿದರೆ ಕಿತ್ತು ಬರುತ್ತದೆ. ಆಗ 108×108 ತಂದರೆ ಅಗಲಕ್ಕೆ ಆರಾಮ, ಆದರೆ ಉದ್ದಕ್ಕೆ ಅಷ್ಟೇ ಇರುತ್ತದೆ. ದಪ್ಪ ಹಾಸಿಗೆಯವರು ದೊಡ್ಡ ಪನ್ನದ, ಅಂದರೆ ಅಗಲ ಜಾಸ್ತಿ ಇರುವ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು, ಒಮ್ಮೆ ನೀರಿಗೆ ಹಾಕಿ ಕುಗ್ಗಿಸಿ, ಆಮೇಲೆ ದರ್ಜಿಯ ಹತ್ತಿರ ಅಂಚು ಹೊಲಿಸುವುದು ಒಳ್ಳೆಯದು.

ಒಂದು ಮಂಚಕ್ಕೆ ಮೂರು ಶೀಟು ಇಟ್ಟುಕೊಳ್ಳಿ. ಒಂದು ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ ವಿಶ್ರಾಂತಿಗೆ. ದಿಂಬಿನ ಕವರು ಮಾತ್ರ ಇದರ ಎರಡರಷ್ಟು ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಒಗೆತ

ಪ್ಯಾಕೆಟ್ಟಿನಿಂದ ತೆಗೆದು ಸೀದಾ ಹಾಸಬೇಡಿ. ರಾತ್ರಿಯಿಡೀ ಬರೀ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ನೀರು ಮಸುಕಾಗಿ, ಮುಟ್ಟಿದರೆ ಅಂಟಂಟಾಗಿ ಇರುತ್ತದೆ. ಅದೇ ಗಂಜಿ. ಅದನ್ನು ಚೆಲ್ಲಿ, ಬಟ್ಟೆ ಒಗೆಯುವ ಲಿಕ್ವಿಡ್ ಸ್ವಲ್ಪ ಹಾಕಿ ಒಗೆದು, ಎರಡು ಮೂರು ನೀರಲ್ಲಿ ಜಾಲಿಸಿ. ಬಣ್ಣದ್ದಾದರೆ ಮೊದಲ ಎರಡು ಸಲ ಒಂಟಿಯಾಗಿಯೇ ಒಗೆಯಿರಿ. ಕೆಂಪು, ಕಡುನೀಲಿ ಬಿಟ್ಟೇ ಬಿಡುತ್ತವೆ.

ಗಂಜಿ ಹೋಯಿತೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಒಣಗಿದ ಶೀಟಿನ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬೀಳಿಸಿ. ಹನಿ ಮಣಿಯ ಹಾಗೆ ನಿಂತು, ಅಂಚಲ್ಲಿ ಬೆಳಕು ಹೊಳೆಯುತ್ತಾ ನಿಧಾನಕ್ಕೆ ಚಪ್ಪಟೆಯಾದರೆ ಇನ್ನೂ ಏನೋ ಲೇಪ ಇದೆ. ಬಿದ್ದ ಕೂಡಲೇ ಹರಡಿ ನಾಣ್ಯದಗಲ ಒದ್ದೆಯಾದರೆ ಬಟ್ಟೆ ಬಾಯಿ ತೆರೆದಿದೆ. ಈ ಹನಿ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡುತ್ತಿರಿ. ಶೀಟು ಬೆವರು ಹೀರುವುದು ನಿಲ್ಲಿಸಿದ್ದು ನಮಗಿಂತ ಮೊದಲು ಆ ಹನಿಗೆ ಗೊತ್ತಾಗುತ್ತದೆ.

ನೀರಿನ ವಿಚಾರ

ನಮ್ಮ ಭಾಗದ ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಬೇಳೆ ಬೇಯಿಸದ ನೀರು ಬಟ್ಟೆಯನ್ನೂ ಸರಿಯಾಗಿ ತೊಳೆಯುವುದಿಲ್ಲ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಮಡ್ಡಿ ಆಗುತ್ತದೆ. ಬಕೆಟ್ಟಿನ ಅಂಚಿಗೆ ಬೂದು ಗೆರೆ ಕಟ್ಟುತ್ತದಲ್ಲ, ಅದೇ ಮಡ್ಡಿ ಪರ್ಕೇಲ್‌ನ ಬಿಗಿ ನೇಯ್ಗೆಯ ಸಂದಿಗಳಲ್ಲೂ ಕೂರುತ್ತದೆ. ನೇಯ್ಗೆ ಬಿಗಿ ಇದ್ದಷ್ಟೂ ಜಾಲಿಸಿದಾಗ ಅದು ಹೊರಬರುವುದು ಕಷ್ಟ. ಬೂದು ಬಣ್ಣ, ತಗಡಿನ ಗಡಸು, ನೀರು ಹೀರದಿರುವುದು, ಮೂರಕ್ಕೂ ಇದೇ ಕಾರಣ. ಕೊಳೆ ಹೋಗಿಲ್ಲ ಅಂತ ನಾವು ಇನ್ನೂ ಪೌಡರ್ ಹಾಕುತ್ತೇವೆ. ಮಡ್ಡಿ ಇನ್ನೂ ಜಾಸ್ತಿ ಆಗುತ್ತದೆ.

ನಿಮ್ಮ ನೀರು ಎಂಥದ್ದು ಅಂತ ನೋಡಲು ಒಂದು ಬಾಟಲಿಯಲ್ಲಿ ಅರ್ಧ ನೀರು ಹಾಕಿ, ಬಟ್ಟೆ ಸೋಪಿನ ಸ್ವಲ್ಪ ತುರಿ ಹಾಕಿ ಜೋರಾಗಿ ಕುಲುಕಿ. ನೊರೆ ಏರಿ ನಿಂತು, ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬರದೆ ನೀರು ಹಾಲಿನ ಹಾಗಾದರೆ ಗಡಸು. ತುಂಗಭದ್ರೆಯಿಂದ ಬರುವ ನಲ್ಲಿ ನೀರಿಗೂ ಬೋರಿನ ನೀರಿಗೂ ಈ ಪರೀಕ್ಷೆ ಒಟ್ಟಿಗೆ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಚಿತ್ರದುರ್ಗದವರು ಸೂಳೆಕೆರೆ, ವಾಣಿವಿಲಾಸ ಸಾಗರದ ನಲ್ಲಿ ನೀರಿನ ಜೊತೆ ಹೋಲಿಸಬಹುದು. ನಾನು ನಲ್ಲಿ ನೀರು ಬಿಡುವ ದಿನವೇ ಬೆಡ್‌ಶೀಟ್ ಒಗೆಯುತ್ತೇನೆ. ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯ ನೀರೇ ಇಲ್ಲ.

ಬೋರ್ ನೀರೇ ಗತಿ ಅನ್ನುವವರು ವಾಷಿಂಗ್ ಸೋಡ ತಂದಿಟ್ಟುಕೊಳ್ಳಿ. ಅಡುಗೆ ಸೋಡ ಅಲ್ಲ, ಬಟ್ಟೆ ಸೋಡ. ದೊಡ್ಡ ಬಕೆಟ್ ನೀರಿಗೆ ಎರಡು ಚಮಚ ಸೋಡವನ್ನು ಮೊದಲು ಲೋಟ ಬಿಸಿನೀರಲ್ಲಿ ಕರಗಿಸಿ ಸೇರಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಳದಲ್ಲಿ ಸುಣ್ಣದಂಥ ಬಿಳಿ ಮಡ್ಡಿ ಕೂತಿರುತ್ತದೆ. ಮೇಲಿನ ನೀರನ್ನು ಅಲುಗಾಡಿಸದೆ ಬಗ್ಗಿಸಿಕೊಂಡು ಅದರಲ್ಲಿ ಒಗೆಯಿರಿ. ಆ ಮಡ್ಡಿಯನ್ನು ಮೊದಲ ಸಲ ಬೆರಳಲ್ಲಿ ಉಜ್ಜಿ ನೋಡಿದಾಗ ಇಷ್ಟು ವರ್ಷ ಇದೆಲ್ಲ ನಮ್ಮ ಶೀಟಿನೊಳಗೆ ಕೂರುತ್ತಿತ್ತಲ್ಲ ಅಂತ ಸಂಕಟ ಆಯಿತು. ಸೋಡ ಕೈ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ರೇಷ್ಮೆ, ಉಣ್ಣೆಗೆ ಇದು ವಿಷ. ಮೊಳಕಾಲ್ಮುರು ಸೀರೆ ಇರುವ ಬಕೆಟ್ಟಿನ ಹತ್ತಿರವೂ ತರಬೇಡಿ.

ಈಗಾಗಲೇ ಬೂದಾಗಿರುವ ಶೀಟನ್ನು ಎಸೆಯಬೇಡಿ. ಅದಕ್ಕೆ ಎರಡು ಹಂತದ ಚಿಕಿತ್ಸೆ ಇದೆ, ಕ್ರಮ ತಪ್ಪಬಾರದು. ಮೊದಲು ಹುಳಿ, ಆಮೇಲೆ ಸೋಡ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಎರಡು ಟೀ ಚಮಚ ತಂದು ಒಂದು ಬಕೆಟ್ ಬೆಚ್ಚಗಿನ ನೀರಲ್ಲಿ ಕರಗಿಸಿ. ಶೀಟನ್ನು ಅರ್ಧ ಗಂಟೆ ಅದರಲ್ಲಿ ಮುಳುಗಿಸಿಡಿ. ಸುಣ್ಣ ಬಿಡುತ್ತದೆ, ಸೋಪಿನ ಜಿಡ್ಡು ಸಡಿಲವಾಗುತ್ತದೆ. ಚೆನ್ನಾಗಿ ಜಾಲಿಸಿ. ಹುಳಿ ಬಟ್ಟೆಯಲ್ಲೇ ಒಣಗಿದರೆ ನೂಲು ಬಡವಾಗುತ್ತದೆ, ಅದಕ್ಕೇ ಜಾಲಿಸುವುದರಲ್ಲಿ ಅವಸರ ಬೇಡ. ಆಮೇಲೆ ಕೈ ತಡೆಯುವಷ್ಟು ಬಿಸಿನೀರಿಗೆ ಎರಡು ಚಮಚ ಸೋಡ, ಸ್ವಲ್ಪ ಲಿಕ್ವಿಡ್ ಹಾಕಿ ಎರಡು ಗಂಟೆ ನೆನೆಸಿ. ಸಡಿಲವಾದ ಜಿಡ್ಡನ್ನು ಈ ನೀರು ಎಳೆದುಕೊಳ್ಳುತ್ತದೆ. ನನ್ನ ಎರಡನೇ ಶೀಟಿಗೆ ಹೀಗೆ ಮಾಡಿದಾಗ ಬಕೆಟ್ ನೀರು ತೊಳೆದ ಅಕ್ಕಿಯ ನೀರಿನ ಬಣ್ಣಕ್ಕೆ ತಿರುಗಿತ್ತು. ಎರಡು ಸಲ ಮಾಡಿದ ಮೇಲೆ ನೀರಿನ ಹನಿ ಮತ್ತೆ ಬಟ್ಟೆಯೊಳಗೆ ಇಳಿಯಿತು.

ಒಂದು ಎಚ್ಚರಿಕೆ. ನಿಂಬೆ ಉಪ್ಪು, ವಿನೆಗರ್ ಇರುವ ನೀರಿಗೆ ಬ್ಲೀಚ್ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಅಪಾಯ.

ವಾರದ ಒಗೆತ

ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ಶೀಟು ಬದಲಿಸಿ. ಬೇಸಿಗೆಯಲ್ಲಿ ಇನ್ನೂ ಬೇಗ. ಬೆವರು ಒಣಗಿ ನಾರಿನೊಳಗೆ ಹಳೆಯದಾದಷ್ಟೂ ಹಳದಿ ಗಟ್ಟಿಯಾಗುತ್ತದೆ.

ಮಶೀನಿನಲ್ಲಾದರೆ 40 ಡಿಗ್ರಿ ಸಾಕು. ಜ್ವರ ಬಂದವರು ಮಲಗಿದ್ದರೆ, ಮನೆಯಲ್ಲಿ ಧೂಳಿನ ಅಲರ್ಜಿ ಇದ್ದವರಿದ್ದರೆ 60 ಡಿಗ್ರಿಗೆ ಇಡಿ. ಹಾಸಿಗೆಯ ಧೂಳುಹುಳ ಆ ಬಿಸಿಗೆ ಸಾಯುತ್ತದೆ. ಡ್ರಮ್ಮಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ. ಶೀಟು, ನಾಲ್ಕು ದಿಂಬಿನ ಕವರು ಸೇರಿ ಒಂದೂಕಾಲು ಕಿಲೋ ಆಗಬಹುದು, ಅದಕ್ಕೆ ಎರಡು ಚಮಚ ಲಿಕ್ವಿಡ್ ಸಾಕು. ಸ್ಪಿನ್ 800ಕ್ಕಿಂತ ಮೇಲೆ ಬೇಡ. ಜೋರಾಗಿ ಹಿಂಡಿದ ಸುಕ್ಕು ಇಸ್ತ್ರಿಗೂ ಬಗ್ಗುವುದಿಲ್ಲ. ಜೀನ್ಸ್, ಜಿಪ್ ಇರುವ ಬಟ್ಟೆ, ಟವೆಲ್ ಜೊತೆ ಹಾಕಬೇಡಿ. ಮೇಲಿನಿಂದ ಬಟ್ಟೆ ಹಾಕುವ ಮಶೀನಿನಲ್ಲಿ ಶೀಟನ್ನು ನಡುವಿನ ಕಂಬಕ್ಕೆ ಸುತ್ತಬೇಡಿ, ಸಡಿಲವಾಗಿ ಸುತ್ತಲೂ ಇಳಿಬಿಡಿ.

ಕೈಯಲ್ಲಾದರೆ ಕಲ್ಲಿಗೆ ಬಡಿಯುವುದು ನಿಲ್ಲಿಸಬೇಕು. ಬ್ರಷ್ಷೂ ಬೇಡ. ನೂಲು ಸಣ್ಣದು, ಕಲ್ಲಿನ ಏಟಿಗೆ ನಾರು ಒಳಗೇ ಮುರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಮಂಡಿ ಊರಿದಾಗ ಪರ್ ಅಂತ ಸೀಳುತ್ತದೆ. ದೊಡ್ಡ ಟಬ್ಬಿನಲ್ಲಿ ಹಾಕಿ ಕಾಲಲ್ಲಿ ತುಳಿಯಿರಿ, ಕೈಗೂ ಸುಲಭ, ಬಟ್ಟೆಗೂ ಒಳ್ಳೆಯದು.

ಕಂಫರ್ಟ್ ಥರದ ಸಾಫ್ಟ್‌ನರ್ ಪರ್ಕೇಲ್‌ಗೆ ಬೇಡ. ಅದು ನಾರಿನ ಮೇಲೆ ತೆಳು ಲೇಪ ಹಚ್ಚಿ ಮೆದು ಅನ್ನಿಸುತ್ತದೆ, ನೀರು ಹೀರುವುದನ್ನು ಕಡಿಮೆ ಮಾಡುತ್ತದೆ. ಪರಿಮಳ ಬೇಕಿದ್ದರೆ ಬಿಸಿಲಿದೆ. ಕ್ಲೋರಿನ್ ಬ್ಲೀಚ್ ಹತ್ತಿಯ ನಾರನ್ನೇ ತಿನ್ನುತ್ತದೆ. ಬೆಳ್ಳಗೆ ಮಾಡಲೇಬೇಕಿದ್ದರೆ ಆಕ್ಸಿಜನ್ ಬ್ಲೀಚ್ ಅಂತ ಸಿಗುವುದನ್ನು ಬಿಸಿನೀರಲ್ಲಿ ಬಳಸಿ. ನೀಲಿ ಹಾಕುವವರು ಪೂರ್ತಿ ಬಕೆಟ್ ನೀರಿಗೆ ನಾಲ್ಕೈದು ಹನಿ ಹಾಕಿ ಕದಡಿ, ಆಮೇಲೆ ಶೀಟು ಅದ್ದಿ.

ಎಣ್ಣೆ ಮತ್ತು ಇತರ ಕಲೆಗಳು

ದಿಂಬಿನ ಕವರು ಎರಡರಷ್ಟು ಬೇಕು ಅಂದೆನಲ್ಲ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಅದಕ್ಕೆ ಕಾರಣ. ಕವರನ್ನು ಮೂರು ದಿನಕ್ಕೊಮ್ಮೆ ಬದಲಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆಯ ತಣ್ಣೀರಲ್ಲಿ ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಒಣ ಕವರಿನ ಮೇಲೆಯೇ, ನೀರು ತಾಗಿಸುವ ಮೊದಲು, ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬೆರಳಲ್ಲಿ ಉಜ್ಜಿ. ಕಾಲು ಗಂಟೆ ಬಿಟ್ಟು ಬಿಸಿನೀರಲ್ಲಿ ಒಗೆಯಿರಿ. ಬಿಟ್ಟರೆ ಎಣ್ಣೆ ಹಳತಾಗಿ ಹಳದಿಯಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬೆಣ್ಣೆದೋಸೆ ಪಾರ್ಸಲ್ ತಂದು ಮಂಚದ ಮೇಲೆ ಕೂತು ತಿನ್ನುವ ಮನೆಗಳಿಗೂ ಇದೇ ಮದ್ದು.

ರಕ್ತದ ಕಲೆಗೆ ಉಲ್ಟಾ. ತಣ್ಣೀರು ಮಾತ್ರ. ಬಿಸಿನೀರು ತಾಗಿದರೆ ಮೊಟ್ಟೆ ಬೆಂದ ಹಾಗೆ ಬಟ್ಟೆಯಲ್ಲೇ ಗಟ್ಟಿಯಾಗುತ್ತದೆ.

ಅರಿಶಿನದ ಕಲೆಗೆ ಸೋಪು ಹಾಕಿದ ಕೂಡಲೇ ಅದು ಕೆಂಪಾಗುತ್ತದೆ. ಹೆದರಬೇಡಿ. ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೇ ಮಾಡುವುದು. ಒಗೆದು ಬಿಸಿಲಿಗೆ ಹಾಕಿ, ಎರಡು ಮೂರು ದಿನದಲ್ಲಿ ಬಿಸಿಲೇ ಅದನ್ನು ಅಳಿಸುತ್ತದೆ. ಬೋರ್ ನೀರಿನ ಕಬ್ಬಿಣದಿಂದ ಬರುವ ಕಂದು ಚುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ಒಂದು ಗಂಟೆ ಬಿಸಿಲಲ್ಲಿಟ್ಟು ಚೆನ್ನಾಗಿ ತೊಳೆಯಿರಿ. ತುಕ್ಕಿಗೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಕಚ್ಚಿಕೊಳ್ಳುತ್ತದೆ. ಬಾಲ್‌ಪೆನ್ ಗೀಟಿಗೆ ಸ್ಯಾನಿಟೈಸರ್, ಕೆಳಗೆ ಹಳೆ ಬಟ್ಟೆ ಇಟ್ಟು ಒತ್ತಿ. ಮೆಹಂದಿ ಮಾತ್ರ ಹಠಮಾರಿ. ಹಚ್ಚಿದ ರಾತ್ರಿ ಹಳೆಯ ಶೀಟು ಹಾಸಿ.

ಒಣಗಿಸುವುದು, ಇಸ್ತ್ರಿ

ಬಿಳಿ ಶೀಟಿಗೆ ನೇರ ಬಿಸಿಲು ಒಳ್ಳೆಯದು. ಬಣ್ಣದ್ದನ್ನು ಒಳಮೈ ಹೊರಗೆ ಮಾಡಿ ನೆರಳಿಗೆ ಹಾಕಿ. ತಂತಿ ಮೇಲೆ ಹಾಕುವ ಮೊದಲು ಇಬ್ಬರು ಎರಡು ತುದಿ ಹಿಡಿದು ಜೋರಾಗಿ ಎರಡು ಸಲ ಕೊಡವಿ. ಅರ್ಧ ಸುಕ್ಕು ಅಲ್ಲೇ ಹೋಗುತ್ತದೆ. ತಂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಹಾಕಬೇಕು, ತುಕ್ಕಿನ ಗೆರೆ ಬೀಳುತ್ತದೆ. ಆಷಾಢದ ಗಾಳಿ ನಮ್ಮಲ್ಲಿ ಹೇಗೆ ಅಂತ ಗೊತ್ತಲ್ಲ, ಅದರಲ್ಲೂ ಗಾಳಿಯಂತ್ರ ತಿರುಗುವ ಚಿತ್ರದುರ್ಗದ ಗುಡ್ಡಗಳ ಕಡೆ. ಮೂಲೆಗೆ ಮಾತ್ರ ಕ್ಲಿಪ್ ಹಾಕಿದರೆ ಗಾಳಿಗೆ ಮೂಲೆಯೇ ಹರಿಯುತ್ತದೆ. ಶೀಟನ್ನು ನಡುವಿಗೆ ಮಡಚಿ ತಂತಿ ಮೇಲೆ ಹಾಕಿ, ಉದ್ದಕ್ಕೂ ಐದಾರು ಕ್ಲಿಪ್ ಹಾಕಿ. ಮಂಡಕ್ಕಿ ಭಟ್ಟಿಗಳ ಹತ್ತಿರ ಇರುವವರು ಹೊಗೆ ಏಳದ ಹೊತ್ತು ನೋಡಿ ಒಣಹಾಕಬೇಕು, ಮಸಿ ಕೂತರೆ ಮತ್ತೆ ಒಗೆಯಬೇಕಾಗುತ್ತದೆ.

ನಮ್ಮ ಬಿಸಿಲಲ್ಲಿ ಪರ್ಕೇಲ್ ಒಣಗಲು ಒಂದು ಗಂಟೆ ಸಾಕು. ಸಂಜೆವರೆಗೆ ಬಿಟ್ಟರೆ ಸೆಟೆದುಕೊಳ್ಳುತ್ತದೆ. ಇನ್ನೂ ಸ್ವಲ್ಪ ಹಸಿ ಇರುವಾಗಲೇ ತೆಗೆದು ಇಸ್ತ್ರಿ ಮಾಡಿ. ಪೆಟ್ಟಿಗೆ ಕಾಟನ್ ಗುರುತಿಗೆ ಇರಲಿ. ಮೊದಲು ಅಂಚು, ಆಮೇಲೆ ಮೈ. ಹಸಿ ಪರ್ಕೇಲ್ ಮೇಲೆ ಬಿಸಿ ಪೆಟ್ಟಿಗೆ ಓಡಿದಾಗ ಬರುವ ಆವಿ, ಹಿಂದೆಯೇ ಕಾಗದದ ಹಾಗೆ ಚಪ್ಪಟೆಯಾಗುವ ಬಟ್ಟೆ, ಈ ಕೆಲಸ ನನಗೆ ಬೇಸರ ತರುವುದೇ ಇಲ್ಲ. ಪುರುಸೊತ್ತಿಲ್ಲದವರು ಹಾಸಿಗೆ ಮೇಲೆ ಬಿಗಿಯಾಗಿ ಹಾಸಿ, ನೀರು ಚಿಮುಕಿಸಿ, ಅಂಗೈಯಲ್ಲಿ ಸವರಿ ಫ್ಯಾನ್ ಹಾಕಿ. ಅಷ್ಟು ಸಾಕು. ಸ್ವಲ್ಪ ಸುಕ್ಕು ಪರ್ಕೇಲ್‌ನ ಗುಣ, ದೋಷ ಅಲ್ಲ.

ಗಂಜಿ ಬೇಕು ಅನ್ನುವವರು ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ಅದ್ದಿ. ನೆಂಟರು ಬರುವ ವಾರಕ್ಕೆ ಚೆಂದ. ಗಂಜಿ ಹಾಕಿದ್ದನ್ನು ಕಪಾಟಿನಲ್ಲಿ ಬಹಳ ದಿನ ಇಟ್ಟರೆ ಬೆಳ್ಳಿಮೀನು ಹುಳ, ಜಿರಳೆ ಹುಡುಕಿಕೊಂಡು ಬರುತ್ತವೆ.

ಹಾಸುವುದು

ಶೀಟು ಹಾಸಿ ನಾಲ್ಕೂ ಕಡೆ ಸಮ ಮಾಡಿ. ಕಾಲಿನ ಕಡೆಯ ಬಟ್ಟೆಯನ್ನು ಮೊದಲು ಹಾಸಿಗೆಯಡಿಗೆ ಸೇರಿಸಿ. ಈಗ ಮೂಲೆಯಿಂದ ಒಂದು ಮೊಳ ದೂರದಲ್ಲಿ ಪಕ್ಕಕ್ಕೆ ಇಳಿಬಿದ್ದ ಅಂಚನ್ನು ಹಿಡಿದು ಮೇಲೆತ್ತಿ ಹಾಸಿಗೆಯ ಮೇಲೆ ಇಡಿ, ಒಂದು ತ್ರಿಕೋನ ಆಗುತ್ತದೆ. ಕೆಳಗೆ ಇನ್ನೂ ನೇತಾಡುವ ಸಣ್ಣ ತುಂಡನ್ನು ಅಡಿಗೆ ಸೇರಿಸಿ. ತ್ರಿಕೋನವನ್ನು ಕೆಳಗಿಳಿಸಿ, ಮಡಿಕೆ ಜಾರದಂತೆ ಒಂದು ಕೈಯಲ್ಲಿ ಹಿಡಿದು ಅದನ್ನೂ ಅಡಿಗೆ ಒತ್ತಿ. ಆಸ್ಪತ್ರೆಯಲ್ಲಿ ನರ್ಸುಗಳು ಮಾಡುವ ಮಡಿಕೆ ಇದೇ. ಪರ್ಕೇಲ್ ಜಾರುವ ಬಟ್ಟೆ ಅಲ್ಲ, ಹಾಗಾಗಿ ಈ ಮಡಿಕೆ ಇಡೀ ವಾರ ನಿಲ್ಲುತ್ತದೆ. ಪ್ರತಿ ಸಲ ತಲೆ ಕಡೆ, ಕಾಲು ಕಡೆ ಅದಲುಬದಲು ಮಾಡಿ. ಸೊಂಟ, ಹಿಮ್ಮಡಿ ತಾಗುವ ಜಾಗ ಒಂದೇ ಕಡೆ ಸವೆಯುವುದಿಲ್ಲ.

ಕಪಾಟಿನಲ್ಲಿ

ಪೂರ್ತಿ ಒಣಗಿದ್ದನ್ನು ಮಾತ್ರ ಮಡಚಿ. ಪ್ಲಾಸ್ಟಿಕ್ ಚೀಲ ಬೇಡ, ಹಳದಿ ಬರುತ್ತದೆ. ಒಂದು ಜೋಡಿಯನ್ನು ಅದರದೇ ದಿಂಬಿನ ಕವರಿನೊಳಗೆ ಇಟ್ಟರೆ ಹುಡುಕುವ ಕೆಲಸ ಇಲ್ಲ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ. ಬಳಸದೆ ಇಟ್ಟಿದ್ದರೆ ಮೂರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ.

ಸವೆದ ಮೇಲೆ

ಶೀಟು ಯಾವತ್ತೂ ನಡುವಲ್ಲೇ ಸವೆಯುತ್ತದೆ. ಅಂಚು ಹೊಸದರ ಹಾಗೇ ಇರುತ್ತದೆ. ಬೆಳಕಿಗೆ ಹಿಡಿದಾಗ ನಡುಭಾಗ ತೆಳ್ಳಗೆ ಕಂಡರೆ, ಹರಿಯುವವರೆಗೆ ಕಾಯಬೇಡಿ. ಉದ್ದಕ್ಕೆ ನಡುವೆ ಕತ್ತರಿಸಿ, ಎರಡೂ ಹೊರ ಅಂಚುಗಳನ್ನು ಸೇರಿಸಿ ಹೊಲಿಯಿರಿ. ಸವೆದದ್ದು ಈಗ ಪಕ್ಕಕ್ಕೆ ಹೋಗಿ ಹಾಸಿಗೆಯಡಿ ಸೇರುತ್ತದೆ. ಹೊಲಿಗೆ ಚಪ್ಪಟೆ ಇರಲಿ, ಬೆನ್ನಿಗೆ ಒತ್ತಬಾರದು. ಇನ್ನೆರಡು ವರ್ಷ ನಡೆಯುತ್ತದೆ.

ಆಮೇಲೆ ಗಟ್ಟಿ ಇರುವ ಭಾಗದಿಂದ ದಿಂಬಿನ ಕವರು ಬರುತ್ತದೆ. ಉಳಿದದ್ದನ್ನು ಬಾಣಂತಿ ಮನೆಗೆ ಕೊಡಿ, ಹತ್ತಾರು ಒಗೆತ ಕಂಡ ಹತ್ತಿಯಷ್ಟು ಮೆದು ಬಟ್ಟೆ ಹಸುಗೂಸಿಗೆ ಬೇರೆ ಸಿಗುವುದಿಲ್ಲ. ಇನ್ನೂ ಉಳಿದರೆ ಕೌದಿಗೆ. ಮೇಲೆ ಹಳೆ ಸೀರೆಯ ಬಣ್ಣದ ತುಂಡು, ಒಳಗೆ ಎರಡು ಮೂರು ಪದರ ಪರ್ಕೇಲ್. ಹೊಸ ಪರ್ಕೇಲ್ ಆದರೆ ನೇಯ್ಗೆ ಬಿಗಿ, ಕೌದಿಯ ಸೂಜಿ ಇಳಿಯದೆ ಬೆರಳು ನೋಯುತ್ತದೆ. ಏಳೆಂಟು ವರ್ಷ ಒಗೆದದ್ದರಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆ. ಪದರಗಳನ್ನು ಸೇರಿಸುವ ಮೊದಲು ಒಂದೊಂದರ ಮೇಲೂ ಆ ನೀರಿನ ಹನಿ ಬಿಟ್ಟು ನೋಡಿ. ಇಂಗದಿದ್ದರೆ ನಿಂಬೆ ಉಪ್ಪು, ಸೋಡದ ಒಗೆತ ಇನ್ನೊಂದು ಸಲ ಆಗಲಿ. ಕೌದಿ ಹೊಲಿದ ಮೇಲೆ ಒಳಗಿನ ಪದರ ತೊಳೆಯುವುದು ಕಷ್ಟ.